ಪೋಲೆಂಡಿನಲ್ಲಿ ಗುಂಡು, ಅಡುಗೆಮನೆಯಲ್ಲಿ ರೇಷನ್ ಚೀಟಿ

1936ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ವಾಣಿಜ್ಯ ಇಲಾಖೆಯೊಳಗೆ ಒಂದು ಪುಟ್ಟ ವಿಭಾಗ ತೆರೆದರು. ಯುದ್ಧ ಬಂದರೆ ಜನರ ಊಟದ ಗತಿಯೇನು ಎಂದು ಲೆಕ್ಕ ಹಾಕುವುದಷ್ಟೇ ಅದರ ಕೆಲಸ. ಹಿಟ್ಲರ್ ಪೋಲೆಂಡಿಗೆ ನುಗ್ಗಲು ಇನ್ನೂ ಎರಡೂಮುಕ್ಕಾಲು ವರ್ಷ ಬಾಕಿ ಇತ್ತು. ಮೊದಲ ಗುಂಡು ಹಾರುವ ಹೊತ್ತಿಗೆ ಇಡೀ ದೇಶಕ್ಕೆ ಬೇಕಾದ ರೇಷನ್ ಪುಸ್ತಕಗಳು ಅಚ್ಚಾಗಿ ಗೋದಾಮಿನಲ್ಲಿ ಕೂತಿದ್ದವು. ಅದೇ ಬ್ರಿಟನ್ ಆಳುತ್ತಿದ್ದ ಭಾರತದಲ್ಲಿ ಕೇಂದ್ರ ಸರ್ಕಾರದ ಆಹಾರ ಇಲಾಖೆ ಹುಟ್ಟಿದ್ದು 1942ರ ಡಿಸೆಂಬರ್‌ನಲ್ಲಿ, ಅಂದರೆ ಯುದ್ಧ ಶುರುವಾಗಿ ಮೂರು ವರ್ಷ ಕಳೆದ ಮೇಲೆ, ಅಕ್ಕಿ ಕೈಜಾರಿದ ಮೇಲೆ. ಎರಡನೇ ಮಹಾಯುದ್ಧ ಈ ಎರಡು ದೇಶಗಳ ಮನೆಗಳಲ್ಲಿ ಎಷ್ಟು ಬೇರೆ ಬೇರೆ ರೂಪ ತಾಳಿತು ಎಂಬುದನ್ನು ಅರ್ಥ ಮಾಡಿಕೊಳ್ಳಲು ಈ ಆರು ವರ್ಷಗಳ ಅಂತರದಿಂದಲೇ ಶುರು ಮಾಡಬೇಕು.

ಯುದ್ಧ ಶುರುವಾದ ಬಗೆ

1939ರ ಮಾರ್ಚ್ 31ರಂದು ಬ್ರಿಟನ್ ಪೋಲೆಂಡಿಗೆ ಭರವಸೆ ಕೊಟ್ಟಿತು: ನಿಮ್ಮ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದರೆ ನಾವಿದ್ದೇವೆ. ಆಗಸ್ಟ್ 23ರಂದು ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಒಬ್ಬರ ಮೇಲೊಬ್ಬರು ಬೀಳುವುದಿಲ್ಲವೆಂದು ಮಾಸ್ಕೋದಲ್ಲಿ ಸಹಿ ಹಾಕಿದವು. ಗುಟ್ಟಾಗಿ ಪೋಲೆಂಡನ್ನು ಹಂಚಿಕೊಳ್ಳುವ ಮಾತೂ ಆಯಿತು. ಪೂರ್ವದ ಕಡೆಯ ಭಯ ಕಳೆದ ಹಿಟ್ಲರನಿಗೆ ಇನ್ನು ತಡೆಯಿರಲಿಲ್ಲ. ಸೆಪ್ಟೆಂಬರ್ 1ರ ನಸುಕಿನಲ್ಲಿ ದಾಳಿ. ಸೆಪ್ಟೆಂಬರ್ 3ರ ಬೆಳಿಗ್ಗೆ ಒಂಬತ್ತಕ್ಕೆ ಬ್ರಿಟನ್ ಕೊನೆಯ ಎಚ್ಚರಿಕೆ ಕೊಟ್ಟಿತು, ಹನ್ನೊಂದಕ್ಕೆ ಗಡುವು ಮುಗಿಯಿತು, ಹನ್ನೊಂದೂಕಾಲಿಗೆ ಪ್ರಧಾನಿ ಚೇಂಬರ್ಲೇನ್ ರೇಡಿಯೋದಲ್ಲಿ ಯುದ್ಧ ಘೋಷಿಸಿದರು. ಅಂದು ಸಂಜೆ ಫ್ರಾನ್ಸ್ ಕೂಡ ಸೇರಿತು.

ಇದು ಇನ್ನೂ ಯುರೋಪಿನ ಜಗಳ. ಜಾಗತಿಕವಾದದ್ದು ಸಾಮ್ರಾಜ್ಯದ ದಾರಿಯಿಂದ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅದೇ ದಿನ ಸೇರಿದವು. ಕೆನಡಾ ತನ್ನ ಸಂಸತ್ತಿನಲ್ಲಿ ಚರ್ಚಿಸಿ ಸೆಪ್ಟೆಂಬರ್ 10ರಂದು ಬೇರೆಯಾಗಿಯೇ ಘೋಷಿಸಿತು. ಭಾರತದ ವಿಷಯದಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಒಂದು ಪ್ರಕಟಣೆ ಹೊರಡಿಸಿದರು, ಅಷ್ಟೇ; ಇಲ್ಲಿನ ಯಾವ ಚುನಾಯಿತ ಪ್ರತಿನಿಧಿಯನ್ನೂ ಕೇಳಲಿಲ್ಲ. ಅದನ್ನು ಪ್ರತಿಭಟಿಸಿ ಕಾಂಗ್ರೆಸ್ಸಿನ ಪ್ರಾಂತೀಯ ಮಂತ್ರಿಮಂಡಲಗಳು ಆ ವರ್ಷದ ಕೊನೆಯೊಳಗೆ ರಾಜೀನಾಮೆ ಕೊಟ್ಟವು. ಈ ರಾಜೀನಾಮೆಯನ್ನು ನಾವು ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಓದುತ್ತೇವೆ, ಸರಿ. ಆದರೆ ಅದಕ್ಕೆ ಇನ್ನೊಂದು ಮಗ್ಗುಲೂ ಇದೆ: ಅಕ್ಕಿಯ ಬಿಕ್ಕಟ್ಟು ಬಂದಾಗ ಬೊಂಬಾಯಿ, ಮದರಾಸಿನಂಥ ಪ್ರಾಂತಗಳಲ್ಲಿ ಜನರಿಗೆ ಉತ್ತರ ಕೊಡಬೇಕಾದ ಸರ್ಕಾರವೇ ಇರಲಿಲ್ಲ.

ಏಷ್ಯಾದ ಜಗಳ ಇದಕ್ಕಿಂತ ಹಳೆಯದು. ಜಪಾನ್ 1937ರ ಜುಲೈನಿಂದಲೇ ಚೀನಾದಲ್ಲಿ ಕಾದಾಡುತ್ತಿತ್ತು. 1941ರ ಬೇಸಿಗೆಯಲ್ಲಿ ಅಮೆರಿಕ ಅದಕ್ಕೆ ಎಣ್ಣೆ ನಿಲ್ಲಿಸಿತು. ಎಣ್ಣೆಯ ಬಹುಪಾಲನ್ನು ಅಮೆರಿಕದಿಂದಲೇ ತರಿಸುತ್ತಿದ್ದ ಜಪಾನಿಗೆ ಎರಡೇ ದಾರಿ ಉಳಿದವು, ಚೀನಾ ಬಿಡುವುದು ಅಥವಾ ಡಚ್ಚರ ಕೈಯಲ್ಲಿದ್ದ ಇಂಡೋನೇಷ್ಯಾದ ಎಣ್ಣೆಬಾವಿಗಳನ್ನು ಕಸಿಯುವುದು. ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿತ್ತು. ಮೂರು ತಿಂಗಳಲ್ಲಿ, 1942ರ ಮಾರ್ಚ್ 8ರಂದು, ಬರ್ಮಾದ ರಾಜಧಾನಿ ರಂಗೂನ್ ಜಪಾನಿನ ಕೈಸೇರಿತು, ಅಲ್ಲಿಂದ ನಮಗೆ ಬರುತ್ತಿದ್ದ ಅಕ್ಕಿ ನಿಂತಿತು. ನಮ್ಮ ಅಡುಗೆಮನೆಗಳ ಮಟ್ಟಿಗೆ ಯುದ್ಧದ ನಿಜವಾದ ತಾರೀಖು ಇದು.

ಎಲ್ಲವೂ ಹಡಗಿನ ಲೆಕ್ಕ

ಯುದ್ಧದ ಮೊದಲು ಬ್ರಿಟನ್ ತಾನು ತಿನ್ನುವುದರ ಮೂರರಲ್ಲಿ ಎರಡು ಪಾಲನ್ನು ಹೊರಗಿನಿಂದ ತರಿಸುತ್ತಿತ್ತು. ಜಾನುವಾರು ಮೇವೂ ಸೇರಿ ವರ್ಷಕ್ಕೆ ಎರಡು ಕೋಟಿ ಟನ್ನಿಗೂ ಹೆಚ್ಚು ಸರಕು ಹಡಗಿನಲ್ಲಿ ಬರುತ್ತಿತ್ತು. ಜರ್ಮನಿಯ ಸಬ್‌ಮರೀನುಗಳು ಹಡಗು ಮುಳುಗಿಸತೊಡಗಿದವು. ಉಳಿದ ಹಡಗುಗಳು ಗುಂಪುಕಟ್ಟಿ, ಸುತ್ತುದಾರಿಯಲ್ಲಿ, ಎಲ್ಲಕ್ಕಿಂತ ನಿಧಾನದ ಹಡಗಿನ ವೇಗಕ್ಕೆ ಕಾಲು ಹೊಂದಿಸಿಕೊಂಡು ಬರಬೇಕಾಯಿತು. ಸಾಲದ್ದಕ್ಕೆ ಸೈನ್ಯ, ಟ್ಯಾಂಕು, ಮದ್ದುಗುಂಡಿಗೂ ಅವೇ ಹಡಗು. ಯುದ್ಧದ ನಡುವಿನ ವರ್ಷಗಳಲ್ಲಿ ಆಹಾರದ ಆಮದು ಸುಮಾರು ಅರ್ಧಕ್ಕೆ ಇಳಿಯಿತು.

ಹೀಗಾಗಿ ಪ್ರತಿ ನಿರ್ಧಾರದ ಹಿಂದೆ ಒಂದೇ ಪ್ರಶ್ನೆ: ಹಡಗಿನಲ್ಲಿ ಒಂದು ಟನ್ ಜಾಗಕ್ಕೆ ಎಷ್ಟು ಊಟ ಸಿಗುತ್ತದೆ? ಮೆಕ್ಕೆಜೋಳ ತಂದು ಹಂದಿ, ಕೋಳಿಗೆ ಹಾಕಿ ಮಾಂಸ ಮಾಡುವುದು ಈ ಲೆಕ್ಕದಲ್ಲಿ ಶುದ್ಧ ದುಂದು. ಮೇವಿನ ಆಮದು ಇಳಿಸಿದರು, ಹಂದಿ–ಕೋಳಿ ಕಡಿಮೆಯಾದವು, ಮೊಟ್ಟೆ ಮಾಯವಾಯಿತು. ಚಿಪ್ಪಿನ ಮೊಟ್ಟೆಯ ಬಹುಭಾಗ ನೀರು. ನೀರನ್ನು ಅಟ್ಲಾಂಟಿಕ್ ದಾಟಿಸುವುದೇಕೆ ಎಂದು 1942ರಿಂದ ಅಮೆರಿಕದ ಒಣ ಮೊಟ್ಟೆಪುಡಿ ಬಂತು, ಒಂದು ಡಬ್ಬಿಗೆ ಹನ್ನೆರಡು ಮೊಟ್ಟೆಯ ಸಮ. ಹುಲ್ಲುಗಾವಲನ್ನು ಉಳುವ ರೈತನಿಗೆ ಎಕರೆಗೆ 2 ಪೌಂಡ್ ಕೊಟ್ಟರು. ಹಸುಗಳನ್ನು ಮಾತ್ರ ಮುಟ್ಟಲಿಲ್ಲ: ಹಾಲು ಮಕ್ಕಳಿಗೆ ಬೇಕು, ಹುಲ್ಲು ಊರಲ್ಲೇ ಬೆಳೆಯುತ್ತದೆ, ಹಡಗು ಬೇಕಿಲ್ಲ.

ಚೀಟಿ ಹೇಗೆ ಕೆಲಸ ಮಾಡುತ್ತಿತ್ತು

ರೇಷನ್ ಎಂದರೆ ಕೂಪನ್ ಕತ್ತರಿಸುವುದು ಎಂದಷ್ಟೇ ತಿಳಿದರೆ ಅದರ ಜಾಣತನ ಕಾಣುವುದಿಲ್ಲ. ಮೊದಲು ತಲೆ ಎಣಿಸಬೇಕು. 1939ರ ಸೆಪ್ಟೆಂಬರ್ 29ರ ರಾತ್ರಿ ಮನೆಮನೆಯ ಲೆಕ್ಕ ತೆಗೆದು ಎಲ್ಲರಿಗೂ ಗುರುತಿನ ಚೀಟಿ, ಸಂಖ್ಯೆ ಕೊಟ್ಟರು. ಆ ಪಟ್ಟಿಯ ಮೇಲೆ ರೇಷನ್ ಪುಸ್ತಕ ಹಂಚಿದರು: ದೊಡ್ಡವರಿಗೆ ಮಾಸಲು ಹಳದಿ, ಐದರೊಳಗಿನ ಮಕ್ಕಳಿಗೂ ಬಸುರಿಯರಿಗೂ ಹಸಿರು, ಬೆಳೆಯುವ ಮಕ್ಕಳಿಗೆ ನೀಲಿ. ಹಸಿರು ಪುಸ್ತಕ ಕಂಡರೆ ಹಾಲಿನವನೂ ಹಣ್ಣಿನವನೂ ಮೊದಲು ಅವರಿಗೆ ಕೊಡಬೇಕು.

ಎರಡನೆಯದೇ ಮುಖ್ಯವಾದ ಹೆಜ್ಜೆ. ಪ್ರತಿ ಕುಟುಂಬ ಒಂದು ಸರಕಿಗೆ ಒಂದೇ ಅಂಗಡಿಯಲ್ಲಿ ಹೆಸರು ಬರೆಸಬೇಕು. ಅಂಗಡಿಯವನು ಪುಸ್ತಕದಿಂದ ನೋಂದಣಿ ಹಾಳೆ ಕತ್ತರಿಸಿಕೊಂಡು ಊರಿನ ಆಹಾರ ಕಚೇರಿಗೆ ಕಳಿಸುತ್ತಾನೆ. ಕಚೇರಿ ಹಾಳೆ ಎಣಿಸಿ, ಇಷ್ಟು ಗಿರಾಕಿಗೆ ಇಷ್ಟು ಬೆಣ್ಣೆ ಎಂದು ಅವನಿಗೆ ಖರೀದಿ ಪರವಾನಗಿ ಕೊಡುತ್ತದೆ. ಸಗಟು ವ್ಯಾಪಾರಿ ಆ ಪರವಾನಗಿಯಷ್ಟೇ ಕೊಡುತ್ತಾನೆ. ಹೀಗೆ ಬಂದರಿನಿಂದ ತಕ್ಕಡಿಯವರೆಗೆ ಸರಕು ತಲೆಯೆಣಿಕೆಗೆ ತಕ್ಕಂತೆ ಹರಿಯಿತು. ಗಿರಾಕಿಗೂ ಒಂದು ಖಾತರಿ: ಬೆಳಿಗ್ಗೆ ಹೋದರೂ ಸಂಜೆ ಹೋದರೂ ಅವನ ಪಾಲು ಅಲ್ಲಿರುತ್ತದೆ. ಬ್ರಿಟನ್ನಿನ ಉದ್ದುದ್ದ ಕ್ಯೂಗಳ ಚಿತ್ರಗಳನ್ನು ನೋಡಿ ರೇಷನ್ನಿಗೆ ನಿಂತವರು ಎಂದುಕೊಳ್ಳುತ್ತೇವೆ. ಹೆಚ್ಚಿನವು ರೇಷನ್ ಇಲ್ಲದ ಸರಕಿಗೆ, ಅಂದರೆ ಮೀನು, ಹಣ್ಣು, ಅಪರೂಪಕ್ಕೆ ಬಂದ ಈರುಳ್ಳಿಗೆ.

1940ರ ಜನವರಿ 8ರಂದು ಶುರುವಾದಾಗ ವಾರಕ್ಕೆ ತಲೆಗೆ ಬೇಕನ್ (ಉಪ್ಪು ಹಚ್ಚಿದ ಹಂದಿಮಾಂಸ) 4 ಔನ್ಸ್, ಬೆಣ್ಣೆ 4 ಔನ್ಸ್, ಸಕ್ಕರೆ 12 ಔನ್ಸ್. ಔನ್ಸ್ ಎಂದರೆ 28 ಗ್ರಾಂ. ಮಾಂಸವನ್ನು ತೂಕದಲ್ಲಲ್ಲ, ಬೆಲೆಯಲ್ಲಿ ಅಳೆದರು: ಮೊದಲು ವಾರಕ್ಕೆ 1 ಷಿಲಿಂಗ್ 10 ಪೆನ್ನಿಯಷ್ಟು (ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ನಿ). ಒಳ್ಳೆಯ ತುಂಡು ಬೇಕೆಂದರೆ ಸ್ವಲ್ಪ ಸಿಗುತ್ತದೆ, ಅಗ್ಗದ ತುಂಡಾದರೆ ಹೆಚ್ಚು. ತೂಕದಲ್ಲಿ ಕೊಟ್ಟಿದ್ದರೆ ಎಲ್ಲರೂ ಒಳ್ಳೆಯದನ್ನೇ ಕೇಳಿ ಕಟುಕನ ಅಂಗಡಿ ಜಗಳದ ಕಟ್ಟೆಯಾಗುತ್ತಿತ್ತು.

ಚಹಾ ವಾರಕ್ಕೆ 2 ಔನ್ಸ್, 57 ಗ್ರಾಂ. ಲೋಟಕ್ಕೆ ಎರಡು ಗ್ರಾಂ ಹಿಡಿದರೆ ದಿನಕ್ಕೆ ನಾಲ್ಕು ಲೋಟ ದಾಟುವುದಿಲ್ಲ. ತಲೆಗೊಂದು ಚಮಚ, ಪಾತ್ರೆಗೆಂದು ಹೆಚ್ಚಿನ ಚಮಚ ಬೇಡ ಎಂದು ಆಹಾರ ಸಚಿವಾಲಯವೇ ಹೇಳಿಕೊಡುತ್ತಿತ್ತು. ನೆಂಟರ ಮನೆಗೆ ಹೋಗುವವರು ತಮ್ಮ ಚಹಾಪುಡಿ, ಸಕ್ಕರೆಯನ್ನು ಪೊಟ್ಟಣ ಕಟ್ಟಿಕೊಂಡು ಹೋಗುವುದು ಮರ್ಯಾದೆ ಎನಿಸಿತು. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ ಎಂಬ ನಮ್ಮ ಗಾದೆಗೆ ಅಲ್ಲಿ ಸರ್ಕಾರವೇ ಪರಿಹಾರ ಕಂಡುಹಿಡಿದಿತ್ತು. ಸಸ್ಯಾಹಾರಿಗಳೆಂದು ಬರೆಸಿಕೊಂಡವರು ಮಾಂಸದ ಪಾಲು ಬಿಟ್ಟುಕೊಟ್ಟು ಹೆಚ್ಚಿನ ಚೀಸ್ ಪಡೆಯಬಹುದಿತ್ತು.

ಡಬ್ಬಿ ಮೀನು, ಬೇಳೆ, ಒಣಹಣ್ಣಿನ ವಿಷಯದಲ್ಲಿ ಈ ಪದ್ಧತಿ ನಡೆಯಲಿಲ್ಲ. ದೇಶದಲ್ಲಿರುವ ಸಾಲ್ಮನ್ ಡಬ್ಬಿಗಳನ್ನು ನಾಲ್ಕೂವರೆ ಕೋಟಿ ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ನಾಲಿಗೆಗೆ ತಾಗುವಷ್ಟೂ ಬರದು. ಅದಕ್ಕೆ 1941ರ ಡಿಸೆಂಬರ್ 1ರಿಂದ ಪಾಯಿಂಟ್ ಪದ್ಧತಿ ತಂದರು. ನಾಲ್ಕು ವಾರಕ್ಕೆ ತಲೆಗೆ 16 ಪಾಯಿಂಟ್. ಯಾವ ಅಂಗಡಿಯಲ್ಲಾದರೂ, ಯಾವ ಡಬ್ಬಿಗಾದರೂ ಖರ್ಚು ಮಾಡಿ. ಜನ ಮುಗಿಬಿದ್ದ ಸರಕಿನ ಪಾಯಿಂಟ್ ಏರಿಸುವುದು, ಕಪಾಟಿನಲ್ಲೇ ಕೂತದ್ದರ ಪಾಯಿಂಟ್ ಇಳಿಸುವುದು. ಅಂದರೆ ದುಡ್ಡಿನ ಪಕ್ಕದಲ್ಲಿ ಎರಡನೇ ನಾಣ್ಯವೊಂದನ್ನು ಚಲಾವಣೆಗೆ ಬಿಟ್ಟು, ಅದನ್ನು ಬಡವ–ಬಲ್ಲಿದರಿಗೆ ಸಮನಾಗಿ ಹಂಚಿದರು. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಚೊಕ್ಕವಾದ ಉಪಾಯ ಇದೇ ಎಂದು ಧಾರಾಳವಾಗಿ ಹೇಳಬಹುದು.

ಬಟ್ಟೆಯ ರೇಷನ್ 1941ರ ಜೂನ್ 1ರಂದು ಬಂದಾಗ ಮೊದಲೇ ಸುಳಿವು ಸಿಕ್ಕರೆ ಅಂಗಡಿಗಳು ಖಾಲಿಯಾಗುತ್ತವೆಂದು ಹೊಸ ಪುಸ್ತಕ ಅಚ್ಚುಹಾಕಿಸಲೇ ಇಲ್ಲ. ಆಹಾರದ ಪುಸ್ತಕದಲ್ಲಿ ಉಳಿದಿದ್ದ ಮಾರ್ಗರಿನ್ (ಬೆಣ್ಣೆಯ ಬದಲಿ ಕೊಬ್ಬು) ಕೂಪನ್ನುಗಳನ್ನೇ ಬಟ್ಟೆಗೆ ಬಳಸಿ ಎಂದರು! ವರ್ಷಕ್ಕೆ 66 ಕೂಪನ್. ಗಂಡಸಿನ ಒಂದು ಸೂಟಿಗೇ 26.

ತಪ್ಪುಗಳು ಎಲ್ಲಿದ್ದವು? ಹೋಟೆಲ್ ಊಟಕ್ಕೆ ಕೂಪನ್ ಬೇಕಿರಲಿಲ್ಲ, ಹಾಗಾಗಿ ಕಾಸಿದ್ದವರು ಹೊರಗೆ ಉಂಡು ರೇಷನ್ ಉಳಿಸಿಕೊಂಡರು. ಕೂಗೆದ್ದ ಮೇಲೆ 1942ರಲ್ಲಿ ಒಂದು ಊಟಕ್ಕೆ 5 ಷಿಲಿಂಗ್ ಮಿತಿ ಹಾಕಿದರು. ಅಂಗಡಿಯವನು ಬೇಕಾದವರಿಗೆ ಮೇಜಿನ ಕೆಳಗಿನಿಂದ ಎತ್ತಿಕೊಡುವುದು ಕೊನೆಯವರೆಗೂ ನಿಲ್ಲಲಿಲ್ಲ. ಕಾಳಸಂತೆ ಇತ್ತು. ಆದರೂ ವ್ಯವಸ್ಥೆ ಮುರಿದುಬೀಳಲಿಲ್ಲ, ಕಾರಣ ಬ್ರೆಡ್ಡು.

ಬ್ರೆಡ್ಡನ್ನು ಏಕೆ ಮುಟ್ಟಲಿಲ್ಲ

ಯುದ್ಧ ನಡೆದಷ್ಟು ದಿನವೂ ಬ್ರಿಟನ್ನಿನಲ್ಲಿ ಬ್ರೆಡ್ಡಿಗೂ ಆಲೂಗಡ್ಡೆಗೂ ರೇಷನ್ ಇರಲಿಲ್ಲ. ಗಣಿಯಲ್ಲಿ ದುಡಿಯುವವನ ಹಸಿವೂ ಗುಮಾಸ್ತನ ಹಸಿವೂ ಒಂದೇ ಅಲ್ಲ. ಯಾರಿಗೆಷ್ಟು ಹಸಿವು ಎಂದು ಅಳೆಯಲು ಹೋದರೆ ಕಚೇರಿಗಳು ತುಂಬುತ್ತವೆಯೇ ಹೊರತು ಹೊಟ್ಟೆಯಲ್ಲ. ಆದ್ದರಿಂದ ರುಚಿಯ ಪದಾರ್ಥಗಳನ್ನು ಅಳೆದು ಹಂಚಿದರು, ಹೊಟ್ಟೆ ತುಂಬಿಸುವುದನ್ನು ಬಿಡುವಾಗಿ ಬಿಟ್ಟರು. ಬಿಡುವಾಗಿ ಬಿಡಬೇಕಾದರೆ ಗೋಧಿ ಸಾಲಬೇಕಲ್ಲ: 1942ರಿಂದ ಬಿಳಿ ಬ್ರೆಡ್ಡು ನಿಲ್ಲಿಸಿ, ನೂರು ಸೇರು ಗೋಧಿಯಿಂದ 85 ಸೇರು ಹಿಟ್ಟು ತೆಗೆಯುವ ಬೂದುಬಣ್ಣದ ಬ್ರೆಡ್ಡು ಕಡ್ಡಾಯ ಮಾಡಿದರು. ಜನ ಬೈದುಕೊಂಡೇ ತಿಂದರು.

ಇದರಿಂದ ಆರೋಗ್ಯ ಕೆಡುವುದೇ ಎಂದು ಎಲ್ಸಿ ವಿಡೋಸನ್ ಮತ್ತು ರಾಬರ್ಟ್ ಮೆಕ್ಯಾನ್ಸ್ ಎಂಬ ಕೇಂಬ್ರಿಜ್ ವಿಜ್ಞಾನಿಗಳು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡಿದ್ದರು. ಮೂರು ತಿಂಗಳು ಕರಿಬ್ರೆಡ್ಡು, ಆಲೂಗಡ್ಡೆ, ಕೋಸು, ಜೊತೆಗೆ ಚೂರೇಚೂರು ಮಾಂಸ–ಹಾಲು; ಕೊನೆಗೆ ಸೈಕಲ್ ತುಳಿದು, ಗುಡ್ಡ ಹತ್ತಿ ಮೈಯನ್ನು ಪರೀಕ್ಷಿಸಿದರು. ಮೈ ಗಟ್ಟಿಯಾಗಿಯೇ ಇತ್ತು. ತೊಂದರೆ ಎರಡು: ಹೊಟ್ಟೆಯುಬ್ಬರ, ಮತ್ತು ತವುಡಿನಿಂದಾಗಿ ಸುಣ್ಣದಂಶ ಮೈಗೆ ಹಿಡಿಯದಿರುವುದು. ಮೊದಲನೆಯದಕ್ಕೆ ಮದ್ದಿರಲಿಲ್ಲ. ಎರಡನೆಯದಕ್ಕೆ ಹಿಟ್ಟಿಗೇ ಸೀಮೆಸುಣ್ಣದ ಪುಡಿ ಬೆರೆಸುವುದು ಜಾರಿಗೆ ಬಂತು.

ಉಳಿದ ಬದುಕೂ ಇದೇ ರೀತಿ ಅಳತೆಗೆ ಒಳಗಾಯಿತು. ಶತ್ರು ವಿಮಾನಗಳಿಗೆ ಊರು ಕಾಣದಂತೆ 1939ರ ಸೆಪ್ಟೆಂಬರ್ 1ರಿಂದಲೇ ಸಂಜೆಯಾದರೆ ಒಂದು ಗೆರೆ ಬೆಳಕೂ ಹೊರಬೀಳಬಾರದು. ಮೊದಲ ತಿಂಗಳಲ್ಲಿ ಜರ್ಮನಿಯ ಬಾಂಬಿಗಿಂತ ಕತ್ತಲೆಯೇ ಹೆಚ್ಚು ಜನರನ್ನು ಕೊಂದಿತು. ರಸ್ತೆ ಅಪಘಾತದ ಸಾವುಗಳು ಹಿಂದಿನ ವರ್ಷದ ಅದೇ ತಿಂಗಳಿಗಿಂತ ಸುಮಾರು ಇಮ್ಮಡಿಯಾದವು. ಅಂಗಳದಲ್ಲಿ ನಾಲ್ಕಡಿ ಗುಂಡಿ ತೋಡಿ, ಬಾಗಿದ ತಗಡು ಜೋಡಿಸಿ, ಮೇಲೆ ಕನಿಷ್ಠ 15 ಅಂಗುಲ ಮಣ್ಣು ಹೊದಿಸುವ ಆಂಡರ್ಸನ್ ಶೆಲ್ಟರ್ ಆರು ಜನಕ್ಕೆ ಸಾಕು ಎಂದು ಲೆಕ್ಕ. ಬಾಂಬಿನ ಒತ್ತಡವನ್ನು ಅದು ತಾಳಿಕೊಂಡಿತು, ಮಳೆಗಾಲದ ಒರತೆಯನ್ನಲ್ಲ. ಮೊಣಕಾಲುದ್ದ ನೀರಲ್ಲಿ ರಾತ್ರಿ ಕಳೆಯುವುದಕ್ಕಿಂತ ಮನೆಯಲ್ಲೇ ಸಾಯುತ್ತೇವೆಂದು ಒಳಗೆ ಮಲಗಿದವರು ಬಹಳ. 1941ರ ಡಿಸೆಂಬರ್‌ನಲ್ಲಿ ಮದುವೆಯಾಗದ, 20ರಿಂದ 30ರೊಳಗಿನ ಹೆಣ್ಣುಮಕ್ಕಳನ್ನೂ ಕಡ್ಡಾಯ ಸೇವೆಗೆ ಕರೆಯುವ ಕಾನೂನು ಬಂತು.

ಮುಖ್ಯವಾಗಿ, ಸರ್ಕಾರ ಜನರ ಕೈಯಲ್ಲಿ ಹೆಚ್ಚಾದ ದುಡ್ಡನ್ನು ವಾಪಸು ಎಳೆದುಕೊಂಡಿತು. ಆದಾಯ ತೆರಿಗೆಯ ಸಾಮಾನ್ಯ ದರ 1941ರಲ್ಲಿ ಪೌಂಡಿಗೆ 10 ಷಿಲಿಂಗ್, ಅಂದರೆ ಸರಿಯಾಗಿ ಅರ್ಧ. ಆ ದುಡ್ಡಿನ ಒಂದು ಭಾಗವನ್ನು ಆಹಾರದ ಸಬ್ಸಿಡಿಗೆ ಹಾಕಿ ಬೆಲೆ ಏರದಂತೆ ಹಿಡಿದರು. ರೇಷನ್ ಪುಸ್ತಕ ಪಾಲಿನ ಹಕ್ಕು ಕೊಟ್ಟರೆ, ಸಬ್ಸಿಡಿ ಆ ಪಾಲನ್ನು ಕೊಳ್ಳುವ ಶಕ್ತಿ ಕೊಟ್ಟಿತು. ಎರಡರಲ್ಲಿ ಒಂದಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಭಾರತವನ್ನು ನೋಡಬೇಕು.

ಇಲ್ಲಿ ನೋಟು ಅಚ್ಚಾಯಿತು

ಭಾರತದಿಂದ ಸೈನ್ಯಕ್ಕೆ ಬಟ್ಟೆ, ಬೂಟು, ಉಕ್ಕು, ಧಾನ್ಯ ಎಲ್ಲವೂ ಹೋಗುತ್ತಿತ್ತು. ಎರಡು ಲಕ್ಷದಷ್ಟಿದ್ದ ಸೈನ್ಯ ಯುದ್ಧ ಮುಗಿಯುವ ಹೊತ್ತಿಗೆ 25 ಲಕ್ಷ ಮುಟ್ಟಿತು. ಖರ್ಚಿನ ದೊಡ್ಡ ಪಾಲನ್ನು ಬ್ರಿಟನ್ ಕೊಡುವುದೆಂದು ಒಪ್ಪಂದವಾಗಿತ್ತು. ಕೊಟ್ಟದ್ದು ಹೇಗೆ? ಲಂಡನ್ನಿನಲ್ಲಿ ಭಾರತದ ಖಾತೆಗೆ ಸ್ಟರ್ಲಿಂಗ್, ಅಂದರೆ ಬ್ರಿಟಿಷ್ ಪೌಂಡ್ ಜಮಾ. ಯುದ್ಧ ಮುಗಿಯುವವರೆಗೆ ಅದನ್ನು ಮುಟ್ಟುವಂತಿಲ್ಲ. ಆ ಜಮಾವನ್ನು ಆಧಾರ ಮಾಡಿಕೊಂಡು ರಿಸರ್ವ್ ಬ್ಯಾಂಕು ಇಲ್ಲಿ ರೂಪಾಯಿ ನೋಟು ಅಚ್ಚುಹಾಕಿ ಸರಕಿನ ಬೆಲೆ ಕೊಟ್ಟಿತು. ಯುದ್ಧದ ಆರಂಭಕ್ಕೆ ಚಲಾವಣೆಯಲ್ಲಿದ್ದದ್ದು ಸುಮಾರು 180 ಕೋಟಿ ರೂಪಾಯಿ ನೋಟು. 1945ಕ್ಕೆ 1,100 ಕೋಟಿ ದಾಟಿತ್ತು. ಸರಕು ಊರು ಬಿಟ್ಟು ಹೋಯಿತು, ಕಾಗದ ಊರಲ್ಲಿ ಉಳಿಯಿತು. ಬೆಲೆ ಏರಲು ಇನ್ನೇನು ಬೇಕು?

ಕಾಸಿನ ಕಥೆಯೇ ಇದಕ್ಕೆ ಸಾಕ್ಷಿ. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಸೋತಾಗ ಜನ ನೋಟನ್ನು ನಂಬದೆ ಬೆಳ್ಳಿ ರೂಪಾಯಿಗಳನ್ನು ಮಡಕೆಗೆ ಹಾಕಿದರು. ಚಿಲ್ಲರೆಯೇ ಸಿಗದಾಯಿತು. ಸರ್ಕಾರ ಒಂದು ರೂಪಾಯಿಯ ನೋಟು ಮತ್ತೆ ತಂದಿತು, ರೂಪಾಯಿ ನಾಣ್ಯದಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. 1943ರಲ್ಲಿ ನಡುವೆ ತೂತಿದ್ದ ಒಂದು ಕಾಸಿನ ನಾಣ್ಯ ಬಂತು, ಹಳಬರ ಮನೆಗಳಲ್ಲಿ ಇನ್ನೂ ಉಡಿದಾರಕ್ಕೋ ಕೀಲಿಗೊಂಚಲಿಗೋ ಕಟ್ಟಿರುವ ತೂತುಕಾಸು. ತಾಮ್ರ ತೋಟಾಗಳಿಗೆ ಬೇಕಿತ್ತು. ತೂತು ಕೊರೆದಷ್ಟೂ ಲೋಹ ಉಳಿಯಿತು.

ಹೀಗಿರುವಾಗ ರಂಗೂನ್ ಬಿದ್ದು ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೀರಿದ ಬರ್ಮಾ ಅಕ್ಕಿ ನಿಂತಿತು. ಇಡೀ ದೇಶದ ಬಳಕೆಗೆ ಹೋಲಿಸಿದರೆ ಇದು ನೂರಕ್ಕೆ ಐದರಷ್ಟೂ ಇರಲಿಕ್ಕಿಲ್ಲ. ಆದರೆ ಕೊರತೆ ಎಲ್ಲರ ತಟ್ಟೆಯಿಂದ ಒಂದೊಂದು ತುತ್ತು ತೆಗೆಯುವುದಿಲ್ಲ. ಸೈನ್ಯ, ಕಾರ್ಖಾನೆ, ದೊಡ್ಡ ವ್ಯಾಪಾರಿ ಮೊದಲು ಕೊಳ್ಳುತ್ತಾರೆ. ನಾಳೆ ಇನ್ನೂ ಏರುತ್ತದೆಂದು ಉಳಿದವರು ಹಗೇವಿನ ಬಾಯಿ ಮುಚ್ಚುತ್ತಾರೆ. ಕೊನೆಯಲ್ಲಿ ಕೂಲಿಯವನ ತಟ್ಟೆ ಪೂರ್ತಿ ಖಾಲಿಯಾಗುತ್ತದೆ. ಪ್ರಾಂತಗಳೂ ಸಂಸ್ಥಾನಗಳೂ ತಮ್ಮ ಧಾನ್ಯ ಹೊರಹೋಗದಂತೆ ಗಡಿ ಕಟ್ಟಿದವು. ಬಂಗಾಳದಲ್ಲಿ ಜಪಾನೀಯರ ಕೈಗೆ ಸಿಗಬಾರದೆಂದು ಸಾವಿರಾರು ದೋಣಿಗಳನ್ನು ಕಿತ್ತುಕೊಂಡಿದ್ದರು. ಆ ನೀರಿನ ನಾಡಿನಲ್ಲಿ ಅಕ್ಕಿಯೂ ಮೀನೂ ಸಾಗುತ್ತಿದ್ದದ್ದೇ ದೋಣಿಯಲ್ಲಿ. 1942ರ ಅಕ್ಟೋಬರ್ 16ರ ಚಂಡಮಾರುತ ಮಿಡ್ನಾಪುರದ ಬೆಳೆ ನೆಲಸಮ ಮಾಡಿತು. ಕಲ್ಕತ್ತೆಯಲ್ಲಿ 1942ರ ಆರಂಭಕ್ಕೆ ಮಣಕ್ಕೆ ಸುಮಾರು 6 ರೂಪಾಯಿ ಇದ್ದ ಅಕ್ಕಿ 1943ರ ಮೇ ಹೊತ್ತಿಗೆ 30 ದಾಟಿತು. (ಇದು 37 ಕಿಲೋದ ಬಂಗಾಳಿ ಮಣ, ನಮ್ಮ ಹಳೆ ಮೈಸೂರಿನ ಚಿಕ್ಕ ಮಣವಲ್ಲ.) ಕೂಲಿ ಮಾತ್ರ ಹಾಗೆ ಏರಲಿಲ್ಲ. 1943ರ ಆರಂಭದಲ್ಲಿ ಹಿಂದೂ ಮಹಾಸಾಗರಕ್ಕೆ ಬರುವ ಹಡಗುಗಳನ್ನೂ ಲಂಡನ್ ಕಡಿತ ಮಾಡಿತು, ಅವು ಅಟ್ಲಾಂಟಿಕ್ಕಿಗೆ ಬೇಕಿದ್ದವು. ಹೀಗೆ ಬಂದ 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು ಎಷ್ಟು? ಸರ್ಕಾರದ ವಿಚಾರಣಾ ಆಯೋಗ 15 ಲಕ್ಷ ಎಂದಿತು. ಆಮೇಲಿನ ವಿದ್ವಾಂಸರ ಅಂದಾಜು 20ರಿಂದ 30 ಲಕ್ಷ. ಒಂದೇ ಹಡಗು ಲೆಕ್ಕ ಒಂದು ಕಡೆ ಬೂದುಬಣ್ಣದ ಬ್ರೆಡ್ಡಾಯಿತು, ಇನ್ನೊಂದು ಕಡೆ ಕಲ್ಕತ್ತೆಯ ಬೀದಿಯ ಹೆಣವಾಯಿತು.

ಭಾರತದಲ್ಲಿ ಪಟ್ಟಣಗಳ ರೇಷನ್ ಬಿಗಿಯಾದದ್ದು ಈ ಹೊತ್ತಿನಲ್ಲಿ. ಬೊಂಬಾಯಿಯಲ್ಲಿ 1943ರ ಮೇನಲ್ಲಿ, ಕಲ್ಕತ್ತೆಯಲ್ಲಿ 1944ರ ಜನವರಿ ಕೊನೆಗೆ. ಲಕ್ಷಕ್ಕೂ ಹೆಚ್ಚು ಜನರಿರುವ ಊರುಗಳಿಗೆಲ್ಲ ರೇಷನ್ ಬರಲಿ, ದೊಡ್ಡವರಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಸಿಗಲಿ ಎಂದು 1943ರ ಧಾನ್ಯ ನೀತಿ ಸಮಿತಿ ಸೂಚಿಸಿತು. ಬ್ರಿಟನ್ನಿನ ಪದ್ಧತಿ ಇಲ್ಲಿ ತಲೆಕೆಳಗಾದದ್ದನ್ನು ಗಮನಿಸಿ. ಅಲ್ಲಿ ಬ್ರೆಡ್ಡು ಬಿಟ್ಟು ಬೆಣ್ಣೆ ಅಳೆದರು. ಇಲ್ಲಿ ಬಡವನ ತಟ್ಟೆಯಲ್ಲಿ ಅಳೆಯಲು ಅನ್ನ–ಮುದ್ದೆ ಬಿಟ್ಟು ಬೇರೇನಿತ್ತು? ಹೊಟ್ಟೆ ತುಂಬಿಸುವುದನ್ನೇ ಅಳೆಯಬೇಕಾಯಿತು.

ಕನ್ನಡದ ಮನೆಗಳಲ್ಲಿ

ಆಗ ಕನ್ನಡಿಗರು ಮೈಸೂರು, ಬೊಂಬಾಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಇದು ಬರೀ ಭೂಪಟದ ಮಾತಲ್ಲ. ತುಂಗಭದ್ರೆಯ ಈಚೆ ದಡದ ಹಂಪಿ ಮದರಾಸಿನ ಬಳ್ಳಾರಿ ಜಿಲ್ಲೆ, ಆಚೆ ದಡದ ಆನೆಗೊಂದಿ ನಿಜಾಮರ ರಾಜ್ಯ. ಗಡಿ ಕಟ್ಟಿದ ಕಾಲದಲ್ಲಿ ಹರಿಗೋಲಿನಲ್ಲಿ ದಾಟಿಸಿದ ಚೀಲ ಜೋಳವೂ ಕಳ್ಳಸಾಗಣೆ ಎನಿಸಿಕೊಳ್ಳುವ ಸ್ಥಿತಿ.

ಅಕ್ಕಿಯ ಬಿಗಿಯಿಂದಲೇ ರವೆ ಇಡ್ಲಿ ಹುಟ್ಟಿತು ಎಂದು ಬೆಂಗಳೂರಿನ ಎಂಟಿಆರ್ ಹೇಳಿಕೊಳ್ಳುತ್ತದೆ: ಇಡ್ಲಿಯಕ್ಕಿ ಸಿಗದಾಗ ಗೋಧಿ ರವೆಯನ್ನು ಹುರಿದು, ಮೊಸರಲ್ಲಿ ಕಲಸಿ ಹಬೆಗಿಟ್ಟರಂತೆ. ಜಪಾನಿನ ರೇಷ್ಮೆ ನಿಂತದ್ದರಿಂದ ಪ್ಯಾರಾಚೂಟಿನ ಬಟ್ಟೆಗೆ ಮೈಸೂರು ರೇಷ್ಮೆಯ ಮೇಲೆ ಕಣ್ಣುಬಿತ್ತು. ಹಿಪ್ಪುನೇರಳೆ ಬೆಳೆದವರಿಗೆ ಅದು ಸುಗ್ಗಿಯ ಕಾಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. 1943ರಲ್ಲಿ ಅದು ಅಮೆರಿಕನ್ ವಾಯುಪಡೆಯ ರಿಪೇರಿ ಕೇಂದ್ರವಾಯಿತು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರು 1951ಕ್ಕೆ 7.8 ಲಕ್ಷವಾದದ್ದರಲ್ಲಿ ಇಂಥ ಕಾರ್ಖಾನೆಗಳ ಪಾಲು ದೊಡ್ಡದು.

ಹಳಬರ ನೆನಪಿನಲ್ಲಿ ಇವೆಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ಇದ್ದಿಲ ಬಸ್ಸು. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂದ ಮೇಲೆ ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಉಕ್ಕಿನ ಉರುಳೆಯೊಂದನ್ನು ಬಿಗಿದರು. ಅದರ ತುಂಬ ಇದ್ದಿಲು. ಕೆಳಗೆ ಒಂದು ಕಿರಿದಾದ ಗಾಳಿ ಬಾಯಿ, ಅದರ ಎದುರಿಗೆ ನಿಗಿನಿಗಿ ಕೆಂಡ. ಗಾಳಿ ಧಾರಾಳವಾಗಿ ಸಿಕ್ಕರೆ ಇದ್ದಿಲು ಪೂರ್ತಿ ಉರಿದು ಬೂದಿಯಾಗುತ್ತದೆ. ಗಾಳಿಯನ್ನು ಹಿಡಿದು ಬಿಟ್ಟರೆ, ಮೊದಲು ಹುಟ್ಟಿದ ಇಂಗಾಲದ ಡೈಆಕ್ಸೈಡ್ ಮೇಲಿನ ಕೆಂಡದ ಪದರ ಹಾಯುವಾಗ ಕಾರ್ಬನ್ ಮೊನಾಕ್ಸೈಡ್ ಆಗಿ ಬದಲಾಗುತ್ತದೆ. ಅದು ಉರಿಯುವ ಅನಿಲ. ಅದನ್ನೇ ತಣಿಸಿ, ಸೋಸಿ ಎಂಜಿನ್ನಿಗೆ ಬಿಡುವುದು.

ಹೊರಡಿಸುವುದೇ ಒಂದು ಕಸರತ್ತು. ಕ್ಲೀನರ್ ಮೊದಲು ಹಿಂದಿನ ದಿನದ ಬೂದಿ, ಕಿಟ್ಟ ಕೆರೆದು ತೆಗೆಯುತ್ತಾನೆ. ಕೆಂಡ ಹಾಕಿ, ಕೈತಿರುಗಣೆಯ ಗಾಳಿಯಂತ್ರವನ್ನು ಹತ್ತು ಹದಿನೈದು ನಿಮಿಷ ತಿರುಗಿಸುತ್ತಾನೆ. ಪರೀಕ್ಷೆಯ ಕೊಳವೆಯ ಬಾಯಿಗೆ ಬೆಂಕಿ ತೋರಿಸಿದಾಗ ಅನಿಲ ಒಂದೇ ಸಮನೆ ನೀಲಿಯಾಗಿ ಉರಿದರೆ ಮಾತ್ರ ಎಂಜಿನ್ ಚಾಲೂ ಮಾಡಬಹುದು. ಲೀಟರ್ ಪೆಟ್ರೋಲಿನ ಜಾಗಕ್ಕೆ ಸುಮಾರು ಒಂದೂವರೆ ಕಿಲೋ ಇದ್ದಿಲು ಬೇಕು. ಆ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ಉರಿಯದ ಸಾರಜನಕವೇ ಇರುವುದರಿಂದ ಎಂಜಿನ್ನಿನ ಬಲ ಮೂರರಲ್ಲೊಂದು ಪಾಲೋ ಅರ್ಧವೋ ಕುಗ್ಗುತ್ತದೆ. ಏರು ಬಂದಾಗ ಜನ ಇಳಿದು ನಡೆಯುತ್ತಿದ್ದುದು, ತಳ್ಳುತ್ತಿದ್ದುದು ಇದೇ ಕಾರಣಕ್ಕೆ.

ಕೆಡುವ ಬಗೆಗಳೂ ಹಲವು. ಇದ್ದಿಲು ಒದ್ದೆಯಾಗಿದ್ದರೆ ಕೆಂಡದ ಕಾವು ಇಳಿದು ಅನಿಲ ಸಪ್ಪೆಯಾಗುತ್ತದೆ. ಮರಳು ಮಣ್ಣು ಬೆರೆತಿದ್ದರೆ ಕರಗಿ ಗಾಜಿನಂಥ ಕಿಟ್ಟವಾಗಿ ಗಾಳಿ ಬಾಯಿಯನ್ನೇ ಮುಚ್ಚುತ್ತದೆ. ಸರಿಯಾಗಿ ಸುಡದ, ಒಳಗೆ ಕಟ್ಟಿಗೆಯಾಗಿಯೇ ಉಳಿದ ಇದ್ದಿಲಾದರೆ ಡಾಂಬರಿನಂಥ ಜಿಗುಟು ಬಂದು ವಾಲ್ವುಗಳು ಅಂಟಿಕೊಳ್ಳುತ್ತವೆ. ಸೋಸುವ ಡಬ್ಬಿಯನ್ನು ದಿನವೂ ತೊಳೆಯದಿದ್ದರೆ ಬೂದಿ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗು ಸವೆಯುತ್ತದೆ. ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರಿದರೆ ಢಂ ಎಂದು ಹಿಂದಕ್ಕೆ ಸಿಡಿಯುತ್ತದೆ. ಎಲ್ಲಕ್ಕಿಂತ ಅಪಾಯ, ಕೆಂಡ ಆರದ ಬಸ್ಸನ್ನು ಮುಚ್ಚಿದ ಷೆಡ್ಡಿನಲ್ಲಿ ನಿಲ್ಲಿಸಿ ಪಕ್ಕದಲ್ಲೇ ಮಲಗುವುದು: ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವನು ಏಳುವುದಿಲ್ಲ.

ಯುದ್ಧ ಮುಗಿದರೂ ಚೀಟಿ ಮುಗಿಯಲಿಲ್ಲ. ಬ್ರಿಟನ್ ಬ್ರೆಡ್ಡಿಗೆ ರೇಷನ್ ಹಾಕಿದ್ದೇ ಯುದ್ಧ ಮುಗಿದ ಮೇಲೆ, 1946ರ ಜುಲೈನಲ್ಲಿ. ಕೊನೆಗೆ ಮಾಂಸದ ರೇಷನ್ ತೆಗೆದದ್ದು 1954ರ ಜುಲೈನಲ್ಲಿ. ಭಾರತ 1947ರ ಕೊನೆಗೆ ಧಾನ್ಯದ ನಿಯಂತ್ರಣ ಸಡಿಲಿಸಿ ನೋಡಿತು, ಬೆಲೆ ಜಿಗಿಯಿತು, ಮರುವರ್ಷವೇ ಮತ್ತೆ ಬಿಗಿ ಮಾಡಿತು. ರಫಿ ಅಹ್ಮದ್ ಕಿದ್ವಾಯಿ ಆಹಾರ ಸಚಿವರಾಗಿದ್ದಾಗ ನಿಯಂತ್ರಣ ತೆಗೆದ ವರ್ಷವೂ 1954ರದೇ, ಆದರೆ ಬರಗಾಲಗಳ ಜೊತೆ ರೇಷನ್ ಅಂಗಡಿ ಮರಳಿ ಬಂತು. 1939ರ ಆ ರಾತ್ರಿ ಬ್ರಿಟನ್ನಿನ ಮನೆಗಳಲ್ಲಿ ಬರೆದುಕೊಂಡ ಗುರುತಿನ ಸಂಖ್ಯೆಗಳು 1948ರಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಯ ರೋಗಿ ಸಂಖ್ಯೆಗಳಾದವು. ನಮ್ಮಲ್ಲಿ ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಅಳೆಯಲು ಬಂದ ಕಾರ್ಡು ಗ್ಯಾಸ್ ಸಂಪರ್ಕಕ್ಕೆ, ಶಾಲೆಗೆ ಸೇರಿಸಲು, ಬ್ಯಾಂಕ್ ಖಾತೆಗೆ ವಿಳಾಸದ ದಾಖಲೆಯಾಗಿ ಎಷ್ಟೋ ವರ್ಷ ನಡೆಯಿತು. ಅಕ್ಕಿ ತರದವರೂ ಅದನ್ನು ಬೀರುವಿನಲ್ಲಿ ಭದ್ರವಾಗಿ ಇಟ್ಟುಕೊಂಡರು.